ಹೊಸದಾಗಿ ಬರೆಯೋದಾ, ಇರುವುದನ್ನೇ ತಿದ್ದೋದಾ?

ಪ್ರಶ್ನೆ: ಸರ್, ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ನಾವು ಮೂವರು ಸೇರಿ ಕನ್ನಡಕ್ಕೆ ಸ್ಪೆಲ್‌ಚೆಕರ್ ಮಾಡಬೇಕು ಅಂತಿದ್ದೇವೆ. ಮೊದಲಿನಿಂದ ನಾವೇ ಬರೆಯೋದಾ, ಯಾವುದಾದರೂ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್, ತಗೊಂಡು ತಿದ್ದೋದಾ?

ಇರುವುದನ್ನೇ ತಗೊಳ್ಳಿ. ಇಲ್ಲಿ ಮೈಸೂರಿನ ಹುಡುಗರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡೋದಿಲ್ಲ, ಆದರೆ ಸ್ಪೆಲ್‌ಚೆಕರ್ ಅಂದರೆ ನನಗೆ ಅನುಮಾನವೇ ಇಲ್ಲ.

ಹನ್‌ಸ್ಪೆಲ್ ಅಂತ ಒಂದು ಓಪನ್ ಸೋರ್ಸ್ ಸ್ಪೆಲ್‌ಚೆಕರ್ ಇದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಅದನ್ನೇ ಬಳಸುತ್ತವೆ. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗೆ. ಆ ಭಾಷೆಯೂ ನಮ್ಮದರ ಹಾಗೆ ಪದದ ಕೊನೆಗೆ ಒಂದರ ಹಿಂದೆ ಒಂದು ಪ್ರತ್ಯಯ ಅಂಟಿಸುತ್ತಾ ಹೋಗುತ್ತದೆ, ಹಾಗಾಗಿ ನಿಮ್ಮ ಅರ್ಧ ತಲೆನೋವನ್ನು ಅವರು ಆಗಲೇ ಅನುಭವಿಸಿದ್ದಾರೆ. ‘ಮನೆ’, ‘ಮನೆಯಲ್ಲಿ’, ‘ಮನೆಗಳಲ್ಲಿಯೂ’ ಅಂತ ಒಂದೊಂದನ್ನೂ ಪಟ್ಟಿ ಮಾಡಲು ಕೂತರೆ ಮುಗಿಯುತ್ತದಾ? ಹನ್‌ಸ್ಪೆಲ್‌ನಲ್ಲಿ ಎರಡು ಫೈಲು. ಒಂದರಲ್ಲಿ ಮೂಲಪದಗಳು, ಇನ್ನೊಂದರಲ್ಲಿ ಯಾವ ಪದಕ್ಕೆ ಯಾವ ಪ್ರತ್ಯಯ ಹೇಗೆ ಸೇರುತ್ತದೆ ಅನ್ನುವ ನಿಯಮ. ‘ಮನೆ’ಗೆ ಬರೆದ ನಿಯಮ ‘ಕೆರೆ’ಗೂ ‘ಗದ್ದೆ’ಗೂ ನಡೆಯುತ್ತದೆ. ‘ಮರ’ಕ್ಕೆ ನಡೆಯೋದಿಲ್ಲ, ಅಲ್ಲಿ ‘ಮರದಲ್ಲಿ’ ಆಗಬೇಕು. ನಿಮ್ಮ ನಿಜವಾದ ಕೆಲಸ ಈ ನಿಯಮಗಳೇ. ಈ ನಿಯಮಗಳನ್ನು ಓದಿ ಪದ ಪರೀಕ್ಷಿಸುವ ಎಂಜಿನ್ ಬರೆಯಲು ಕೂತರೆ ವರ್ಷ ಅದರಲ್ಲೇ ಹೋಗುತ್ತದೆ, ಕನ್ನಡಕ್ಕೆ ಕೈ ಹಾಕುವಷ್ಟರಲ್ಲಿ ವೈವಾ ಬಂದುಬಿಡುತ್ತದೆ.

ಕೊರತೆಯೂ ಇದೆ. ಹನ್‌ಸ್ಪೆಲ್ ಪ್ರತ್ಯಯಗಳನ್ನು ಎರಡು ಹಂತದವರೆಗೆ ಬಿಡಿಸುತ್ತದೆ. ‘ಮನೆಗಳಲ್ಲಿಯೂ’ ಅನ್ನುವುದರಲ್ಲಿ ಮೂರಿವೆ. ಎರಡನ್ನು ಒಂದಾಗಿ ಸೇರಿಸಿ ನಿಯಮ ಬರೆಯಬೇಕಾಗುತ್ತದೆ. ಸಂಧಿ ಇನ್ನೂ ಕಷ್ಟ.

ನಿಮ್ಮೂರಲ್ಲಿ ಕಬ್ಬು ಕಡಿದ ಮೇಲೆ ಅದೇ ಬುಡ ಮತ್ತೆ ಚಿಗುರಲಿ ಅಂತ ಕೂಳೆ ಬಿಡುತ್ತಾರಲ್ಲ, ಅದೇ ಲೆಕ್ಕ. ಬಿತ್ತನೆ ಖರ್ಚಿಲ್ಲ, ಬೇರು ಆಗಲೇ ಇದೆ, ಖಾಲಿ ಬಿದ್ದ ಜಾಗಕ್ಕೆ ಮಾತ್ರ ನೆಟ್ಟರೆ ಸಾಕು. ಕೂಳೆ ಮೇಲೆ ಕೂಳೆ ಬಿಟ್ಟು ಇಳುವರಿ ಬಿದ್ದಾಗ ಅಗೆದು ಹೊಸದಾಗಿ ನಾಟಿ ಮಾಡುತ್ತಾರೆ, ಅದಕ್ಕೆ ಮುಂಚೆ ಅಲ್ಲ.

ನೆಟ್‌ಸ್ಕೇಪ್‌ನವರು 1998ರಲ್ಲಿ ತಮ್ಮ ಬ್ರೌಸರ್‌ನ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟು, ಆಮೇಲೆ ಹಳೆಯದನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಹೊರಟರು. ಮುಂದಿನ ಆವೃತ್ತಿ ಬಂದಿದ್ದು 2000ದ ಕೊನೆಗೆ. ಅಷ್ಟರಲ್ಲಿ ಜನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಹೋಗಿಬಿಟ್ಟಿದ್ದರು. ಇನ್ನೊಂದು ಕಡೆ ಗಿಟ್ ನೋಡಿ, ಕೋಡ್‌ನಲ್ಲಿ ಆಗುವ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಅದೇ ಕೆಲಸಕ್ಕಿದ್ದ ಬಿಟ್‌ಕೀಪರ್ 2005ರಲ್ಲಿ ಉಚಿತವಾಗಿ ಸಿಗೋದು ನಿಂತಾಗ, ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಅನ್ನು ಏಪ್ರಿಲ್‌ನಲ್ಲಿ ಮೊದಲಿನಿಂದ ಬರೆಯಲು ಶುರು ಮಾಡಿದರು, ಜೂನ್‌ಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅದರಲ್ಲೇ ಬಿಡುಗಡೆಯಾಯಿತು. ಅಲ್ಲಿ ಹೊಸದೇ ಸರಿ ಇತ್ತು. ವರ್ಷಗಟ್ಟಲೆ ಬಿಟ್‌ಕೀಪರ್ ಬಳಸಿದ್ದರಿಂದ ತಮಗೆ ಏನು ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮಗೆ ಅದು ಇನ್ನೂ ಗೊತ್ತಿಲ್ಲ, ಅಲ್ವಾ?

ಈ ವಾರ ಒಂದು ಕೆಲಸ ಮಾಡಿ. ಕನ್ನಡಕ್ಕೆ ಈಗಾಗಲೇ ಇರುವ ಹನ್‌ಸ್ಪೆಲ್ ಫೈಲುಗಳನ್ನು ಲಿಬ್ರೆಆಫೀಸ್‌ಗೆ ಹಾಕಿ, ಅವುಗಳ ಲೈಸೆನ್ಸ್ ಓದಿ. ದಿನಪತ್ರಿಕೆಯ ಒಂದು ಪುಟ ಟೈಪ್ ಮಾಡಿ. ಸರಿಯಾದ ಪದಕ್ಕೂ ಕೆಂಪು ಗೆರೆ ಎಲ್ಲೆಲ್ಲಿ ಬೀಳುತ್ತದೋ ಎಲ್ಲಾ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಹಿಡಿದು ನಿಮ್ಮ ಗೈಡ್ ಹತ್ತಿರ ಹೋಗಿ.