ಏರ್ ಇಂಟೇಕ್: ಹೀರುವ ಕಡೆ, ಊದುವ ಕಡೆ

ಡೀಸೆಲ್ ಗಾಡಿ ಇಟ್ಟುಕೊಂಡವರನ್ನು "ಇಂಟೇಕ್ ಚೆಕ್ ಮಾಡಿದ್ರಾ?" ಎಂದು ಕೇಳಿ ನೋಡಿ. "ಹೂಂ, ಮೊನ್ನೆ ತಾನೇ ಫಿಲ್ಟರ್‌ಗೆ ಗಾಳಿ ಹೊಡೆಸಿದೆ" ಎಂಬ ಉತ್ತರ ಬರುತ್ತದೆ. ಇಷ್ಟು ಚಿಕ್ಕ ಮಾತಿನಲ್ಲಿ ಎರಡು ತಪ್ಪುಗಳಿವೆ. ಫಿಲ್ಟರ್ ಎಂದರೆ ಇಂಟೇಕ್ ಎಂದುಕೊಂಡದ್ದು ಮೊದಲನೆಯದು. ಎರಡನೆಯದು, ಗಾಳಿ ಹೊಡೆಸಿದ್ದು. ಅದಕ್ಕೆ ಆಮೇಲೆ ಬರೋಣ.

ಹೊರಗಿನ ಗಾಳಿ ಗಾಡಿಯೊಳಕ್ಕೆ ನುಗ್ಗುವ ಬಾಯಿಂದ ಹಿಡಿದು ಸಿಲಿಂಡರ್‌ನ ಇಂಟೇಕ್ ವಾಲ್ವ್ ತನಕ ಇರುವ ಇಡೀ ದಾರಿಯೇ ಏರ್ ಇಂಟೇಕ್. ಬಾಯಿ, ಅಲ್ಲಿಂದ ಏರ್ ಕ್ಲೀನರ್ ಡಬ್ಬಿ, ಡಬ್ಬಿಯೊಳಗೆ ಫಿಲ್ಟರ್, ಆಚೆಗೆ ಸುಕ್ಕುಸುಕ್ಕಾದ ರಬ್ಬರ್ ಹೋಸ್, ಹೊಸ ಗಾಡಿಯಾದರೆ ಗಾಳಿ ಅಳೆಯುವ ಒಂದು ಸೆನ್ಸರ್, ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬಿಸುವ ಟರ್ಬೊ, ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಕೊನೆಗೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್. ಏರ್ ಕ್ಲೀನರ್, ಏರ್ ಫಿಲ್ಟರ್ ಎಂಬ ಎರಡು ಪದಗಳನ್ನೂ ಜನ ಅದಲುಬದಲು ಮಾಡಿ ಬಳಸುತ್ತಾರೆ. ಡಬ್ಬಿ ಸಮೇತ ಇಡೀ ಸಾಮಾನು ಏರ್ ಕ್ಲೀನರ್. ಒಳಗಿನ ಮಡಿಕೆ ಮಡಿಕೆ ಕಾಗದದ ತುಂಡು ಫಿಲ್ಟರ್, ಬಿಡಿಭಾಗದವರ ಭಾಷೆಯಲ್ಲಿ ಎಲಿಮೆಂಟ್.

ಡೀಸೆಲ್‌ಗೆ ಈ ದಾರಿ ಯಾಕಿಷ್ಟು ಮುಖ್ಯ? ಪೆಟ್ರೋಲ್ ಇಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ಮುಚ್ಚಳ ತೆರೆದುಕೊಳ್ಳುತ್ತದೆ. ಡೀಸೆಲ್‌ನಲ್ಲಿ ಆ ಏರ್ಪಾಡಿಲ್ಲ. ಕಾಲು ಒತ್ತಿದಾಗ ಹೆಚ್ಚುವುದು ಡೀಸೆಲ್ ಮಾತ್ರ. ಗಾಳಿ ಯಾವಾಗಲೂ ತಡೆಯಿಲ್ಲದೆ ಹೋಗುತ್ತಲೇ ಇರುತ್ತದೆ. (ಈಚಿನ ಡೀಸೆಲ್‌ಗಳಲ್ಲೂ ಒಂದು ಮುಚ್ಚಳ ಕಾಣುತ್ತದೆ, ಆದರೆ ಅದರ ಕೆಲಸ ಹೊಗೆಯ ಮರುಬಳಕೆಗೆ ನೆರವಾಗುವುದು, ಇಂಜಿನ್ ಆಫ್ ಮಾಡಿದಾಗ ಕುಲುಕದಂತೆ ನಿಲ್ಲಿಸುವುದು ಇಂಥವು.) ಲೆಕ್ಕ ಹಾಕಿ ನೋಡಿ. 2 ಲೀಟರ್‌ನ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ 2 ಲೀಟರ್ ಗಾಳಿ ತುಂಬಿಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತು ಎಂದರೆ ಹೆಚ್ಚುಕಡಿಮೆ 2000 ಲೀಟರ್, ಅಂದರೆ ಸಾವಿರ ಲೀಟರ್‌ನ ಎರಡು ನೀರಿನ ಟ್ಯಾಂಕ್ ತುಂಬುವಷ್ಟು ಗಾಳಿ, ಒಂದೇ ನಿಮಿಷಕ್ಕೆ. ಟರ್ಬೊ ಒತ್ತಿ ತುಂಬಿಸಿದಾಗ ಇನ್ನೂ ಹೆಚ್ಚು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು, ಹತ್ತಿರ ಹತ್ತಿರ 10,000 ಲೀಟರ್. ಆ ಗಾಳಿಯ ಜೊತೆ ಬರುವ ಧೂಳಿನ ಲೆಕ್ಕವನ್ನು ನೀವೇ ಊಹಿಸಿಕೊಳ್ಳಿ.

ಇನ್ನು ಈ ಲೇಖನದ ಮುಖ್ಯ ಮಾತು. ಇಂಟೇಕ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಲೋಕಗಳಿವೆ, ನಡುವೆ ಗಡಿ ಟರ್ಬೊ. ಟರ್ಬೊಗೆ ಮೊದಲಿನದು ಹೀರುವ ಕಡೆ: ಅಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಟರ್ಬೊ ನಂತರದ್ದು ಊದುವ ಕಡೆ: ಅಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ. ಟರ್ಬೊ ಇಲ್ಲದ ಹಳೆಯ ಇಂಜಿನ್‌ನಲ್ಲಿ ವಾಲ್ವ್ ತನಕವೂ ಹೀರುವ ಕಡೆಯೇ. ಮನೆಯಲ್ಲೇ ಕೈ ಹಾಕುವವರು ಮೊದಲು ಬೆರಳಿಟ್ಟು ಈ ಗಡಿಯನ್ನು ಗುರುತಿಸಿಕೊಳ್ಳಬೇಕು. ಲೀಕ್ ಎಂಬ ಪದಕ್ಕೆ ಗಡಿಯ ಈಚೆ ಒಂದರ್ಥ, ಆಚೆ ಇನ್ನೊಂದರ್ಥ.

ಊದುವ ಕಡೆಯ ಲೀಕ್ ಗಲಾಟೆ ಮಾಡುತ್ತದೆ. ಹೋಸ್ ಬಿರುಕು ಬಿಟ್ಟರೆ, ಕ್ಲಿಪ್ ಸಡಿಲವಾದರೆ ತುಂಬಿದ ಗಾಳಿ ಹೊರಗೆ ನುಗ್ಗುತ್ತದೆ, ಲೋಡ್ ಬಿದ್ದಾಗ ಸುಯ್ ಎಂಬ ಸದ್ದು ಕೇಳುತ್ತದೆ, ಎಳೆತ ಹೋಗುತ್ತದೆ, ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಇದು ತೊಂದರೆಯೇ, ಆದರೆ ಇಲ್ಲಿಂದ ಧೂಳು ಒಳಗೆ ಬರುವುದು ಕಷ್ಟ, ಗಾಳಿ ಹೊರಗೆ ತಳ್ಳುತ್ತಿರುತ್ತದಲ್ಲ. ಬಿರುಕಿನ ಸುತ್ತ ಎಣ್ಣೆ ಹರಡಿ ಕಪ್ಪಾದ ಕಲೆಯೇ ಅದರ ವಿಳಾಸ ಹೇಳುತ್ತದೆ. ಪೈಪಿನೊಳಗೆ ತೆಳುವಾಗಿ ಎಣ್ಣೆಯ ಪಸೆ ಕಂಡ ಮಾತ್ರಕ್ಕೆ ಟರ್ಬೊ ಕೆಟ್ಟಿತೆಂದು ಗಾಬರಿ ಬೇಡ. ಇಂಜಿನ್‌ನ ಹೊಟ್ಟೆಯಿಂದ ಬರುವ ಎಣ್ಣೆ ಆವಿ ಸಾಮಾನ್ಯವಾಗಿ ಈ ದಾರಿಗೇ ಸೇರುತ್ತದೆ. ಇಂಟರ್‌ಕೂಲರ್‌ನಲ್ಲಿ ಎಣ್ಣೆ ಮಡುಗಟ್ಟಿ ನಿಂತಿದ್ದರೆ ಆಗ ಮೆಕ್ಯಾನಿಕ್‌ಗೆ ತೋರಿಸಿ.

ಹೀರುವ ಕಡೆಯ ಲೀಕ್ ಸದ್ದಿಲ್ಲದ ಕಳ್ಳ. ಫಿಲ್ಟರ್ ಆದಮೇಲೆ, ಟರ್ಬೊಗೆ ಮೊದಲು ಒಂದು ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು, ಇಂಜಿನ್ ಅಲ್ಲಿಂದಲೂ ಹೀರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಎಳೆತವೂ ಕುಂದುವುದಿಲ್ಲ. ಸೋಸದ ಧೂಳು ಮಾತ್ರ ನೇರ ಒಳಗೆ. ಕಣ್ಣಿಗೆ ಕಾಣುವ ಮರಳಿಗಿಂತ 5ರಿಂದ 20 ಮೈಕ್ರಾನ್‌ನ ಧೂಳೇ ಹೆಚ್ಚು ಕೇಡು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಆ ಸಣ್ಣ ಕಣಗಳು ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಸಿಲಿಂಡರ್‌ನ ಒಳಗೋಡೆಯಾದ ಲೈನರ್ ನಡುವಿನ ಎಣ್ಣೆ ಪದರದಲ್ಲಿ ಸೇರಿಕೊಂಡು ಸಾಣೆ ಹಿಡಿದಂತೆ ಸವೆಸುತ್ತವೆ. ತಿಂಗಳುಗಳ ಮೇಲೆ ಒಂದು ದಿನ ಸ್ಟಾರ್ಟ್ ಕಷ್ಟವಾಗುತ್ತದೆ, ಆಯಿಲ್ ಕಡಿಮೆಯಾಗುತ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಪುಸುಪುಸು ಬರುತ್ತದೆ. "ಇಂಜಿನ್ ಧೂಳು ತಿಂದಿದೆ" ಎನ್ನುವುದು ಇದಕ್ಕೇ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇದನ್ನು ಹಿಡಿಯಲು ಬೇಕಾಗುವುದು ಒಂದು ಬಿಳಿ ಬಟ್ಟೆ, ಒಂದು ಬೆರಳು. ಇಂಜಿನ್ ನಿಲ್ಲಿಸಿ, ಫಿಲ್ಟರ್ ಆಚೆಗಿನ ಹೋಸ್ ಬಿಚ್ಚಿ, ಬಟ್ಟೆ ಸುತ್ತಿದ ಬೆರಳನ್ನು ಒಳಮೈಗೆ ಒರೆಸಿ. ಅಲ್ಲಿ ಎಣ್ಣೆಯ ಜಿಡ್ಡಿದ್ದರೆ ಪರವಾಗಿಲ್ಲ. ಬಟ್ಟೆಯ ಮೇಲೆ ಮಣ್ಣಿನ ಬಣ್ಣ ಬಂತೋ, ಬೆರಳ ನಡುವೆ ತಿಕ್ಕಿದಾಗ ಕರಕರ ಎಂದಿತೋ, ಎಲ್ಲೋ ಸಂದಿದೆ ಎಂದರ್ಥ. ನನ್ನ ಗಾಡಿಯಲ್ಲಿ ಹೀಗೆ ಮಣ್ಣು ಸಿಕ್ಕಾಗ ಅರ್ಧ ದಿನ ಹುಡುಕಿದೆ. ಕ್ಲಿಪ್ ಸರಿ ಇತ್ತು, ಡಬ್ಬಿ ಸರಿ ಇತ್ತು, ಫಿಲ್ಟರ್ ಹೊಸದು. ಕೊನೆಗೆ ರಬ್ಬರ್ ಹೋಸನ್ನು ಪೂರ್ತಿ ಹೊರಗೆ ತೆಗೆದು ಬಿಲ್ಲಿನಂತೆ ಬಗ್ಗಿಸಿದಾಗ ಅಡಿಭಾಗದ ಒಂದು ಸುಕ್ಕಿನ ಬುಡದಲ್ಲಿ ಬಾಯಿ ಬಿಟ್ಟಿತು, ಉಗುರಿನಷ್ಟು ಉದ್ದ. ನೆಟ್ಟಗಿದ್ದಾಗ ಅದು ಕಾಣುವುದೇ ಇಲ್ಲ. ಹೋಸನ್ನು ಗಾಡಿಯಲ್ಲೇ ಬಿಟ್ಟು ನೋಡಿದರೆ ನೋಡಿದಂತಾಗದು ಎಂದು ಆಗ ಕಲಿತೆ.

ಈಗ ಫಿಲ್ಟರ್‌ಗೆ ಬರೋಣ. ಕಾಗದದ ಫಿಲ್ಟರ್ ಬಗ್ಗೆ ಒಂದು ವಿಚಿತ್ರ ಸತ್ಯವಿದೆ: ಅದು ಹೊಸದಾಗಿದ್ದಾಗಲೇ ಸ್ವಲ್ಪ ಕಡಿಮೆ ಸೋಸುತ್ತದೆ. ಓಡುತ್ತಾ ಓಡುತ್ತಾ ಮೇಲೆ ಕೂತ ಧೂಳಿನ ಪದರವೇ ಇನ್ನೊಂದು ಜರಡಿಯಾಗಿ ಕೆಲಸ ಮಾಡುತ್ತದೆ. ಹಾಗಾದರೆ ಯಾವಾಗ ಬದಲಿಸಬೇಕು? ಬಣ್ಣ ನೋಡಿ ಅಲ್ಲ, ಗಾಳಿ ಎಳೆಯಲು ಇಂಜಿನ್ ಎಷ್ಟು ಕಷ್ಟಪಡುತ್ತಿದೆ ಎಂಬುದನ್ನು ನೋಡಿ. ಇದಕ್ಕೆ ರಿಸ್ಟ್ರಿಕ್ಷನ್ ಎನ್ನುತ್ತಾರೆ, ಅಳತೆ ನೀರಿನ ಇಂಚಿನಲ್ಲಿ. ದೊಡ್ಡ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಿತಿ 25 ಇಂಚು, ಅಂದರೆ ಸುಮಾರು 6.2 ಕಿಲೋಪಾಸ್ಕಲ್, ನಿಮ್ಮ ಇಂಜಿನ್‌ನ ಅಂಕಿಗೆ ಅದರ ಕೈಪಿಡಿಯೇ ಆಧಾರ. ಲಾರಿ, ಟ್ರ್ಯಾಕ್ಟರ್, ಜನರೇಟರ್‌ಗಳ ಏರ್ ಕ್ಲೀನರ್ ಮೇಲೆ ಗಾಜಿನ ಕಿಟಕಿಯ ಒಂದು ಪುಟ್ಟ ಸೂಚಕ ಇರುತ್ತದೆ, ಮಿತಿ ಮುಟ್ಟಿದಾಗ ಕೆಂಪು ಕಾಣಿಸಿ ಅಲ್ಲೇ ನಿಲ್ಲುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಗುಂಡಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಸೂಚಕವಿಲ್ಲದಿದ್ದರೆ, ಫಿಲ್ಟರ್ ಮತ್ತು ಟರ್ಬೊ ನಡುವೆ ಅಳೆಯಲು ತೂತು ಕೊಟ್ಟಿದ್ದರೆ, ಅಲ್ಲಿಗೆ ಪಾರದರ್ಶಕ ನಳಿಕೆ ಸಿಕ್ಕಿಸಿ ಯು ಆಕಾರದಲ್ಲಿ ಬಗ್ಗಿಸಿ ಅರ್ಧ ನೀರು ತುಂಬಿ. ಪೂರ್ತಿ ಲೋಡ್‌ನಲ್ಲಿ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸವೇ ಉತ್ತರ. ನಳಿಕೆಯ ಪ್ರತಿ ಬದಿ ಒಂದು ಮೀಟರಾದರೂ ಎತ್ತರ ಇರಲಿ, ಇಲ್ಲವಾದರೆ ನೀರು ಇಂಜಿನ್ ಪಾಲಾಗುತ್ತದೆ. ಸಣ್ಣ ಕಾರುಗಳಿಗೆ ಇಷ್ಟೆಲ್ಲ ಬೇಡ, ಕೈಪಿಡಿಯ ಕಿಲೋಮೀಟರ್ ಲೆಕ್ಕ ಸಾಕು. ಧೂಳಿನ ರಸ್ತೆಯಾದರೆ ಇನ್ನೂ ಬೇಗ.

ಇಷ್ಟು ತಿಳಿದ ಮೇಲೆ ಗಾಳಿ ಹೊಡೆಸುವುದು ಯಾಕೆ ತಪ್ಪು ಎಂದು ಅರ್ಥವಾಗುತ್ತದೆ. ಕಂಪ್ರೆಶರ್‌ನ ಗಾಳಿ ಕಾಗದದಲ್ಲಿ ಸೂಜಿಮೊನೆಯ ತೂತು ಮಾಡಬಲ್ಲದು, ಧೂಳನ್ನು ಆಚೆ ಬದಿಗೂ ದಾಟಿಸಬಲ್ಲದು. ನೆಲಕ್ಕೋ ಟೈರಿಗೋ ಕುಟ್ಟಿದರೆ ಅಂಚು ನೆಗ್ಗಿ ಸೀಲ್ ಕೂರುವುದಿಲ್ಲ. ಮೇಲಾಗಿ ಪ್ರತಿ ಸಲ ಡಬ್ಬಿ ತೆರೆದಾಗಲೂ ಒಂದಿಷ್ಟು ಧೂಳು ಶುದ್ಧ ಬದಿಗೆ ಉದುರುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಕುಟ್ಟಿ ಹಾಕುವವನಿಗಿಂತ ಅದನ್ನು ಮುಟ್ಟದೆ ಬಿಡುವ ಸೋಮಾರಿಯ ಇಂಜಿನ್ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅನಿಸಿಕೆ. ಬೇರೆ ಫಿಲ್ಟರ್ ಸಿಗದ ಜಾಗದಲ್ಲಿ ಗಾಳಿ ಹೊಡೆಯಲೇಬೇಕಾಗಿ ಬಂದರೆ ಒಳಗಿನಿಂದ ಹೊರಕ್ಕೆ, 2 ಬಾರ್ ಅಂದರೆ 30 ಪಿಎಸ್‌ಐ ಮೀರದಂತೆ, ನಳಿಕೆ ದೂರ ಹಿಡಿದು ಹೊಡೆಯಿರಿ. ಆಮೇಲೆ ಕತ್ತಲಲ್ಲಿ ಒಳಗೆ ಬಲ್ಬ್ ಹಿಡಿದು ನೋಡಿ. ಚುಕ್ಕಿಯಂತೆ ಬೆಳಕು ಇಣುಕಿದರೆ ಎಸೆಯಿರಿ. ಇಣುಕದಿದ್ದರೆ? ಕಣ್ಣಿಗೆ ಕಾಣದ ತೂತು ಇಲ್ಲವೆಂದು ಅರ್ಥವಲ್ಲ.

ಬದಲಿಸುವಾಗಿನ ಕೆಲಸ ಐದು ನಿಮಿಷದ್ದು, ಆದರೆ ಅದರಲ್ಲೇ ಜಾಣತನ ಇರುವುದು. ಹಳೆಯ ಫಿಲ್ಟರನ್ನು ಎಳೆಯಬೇಡಿ, ಸ್ವಲ್ಪ ತಿರುಗಿಸಿ ಸೀಲ್ ಸಡಿಲ ಮಾಡಿ ನಿಧಾನಕ್ಕೆ ತೆಗೆಯಿರಿ. ಸೀಲ್ ಕೂರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊರಹೋಗುವ ಪೈಪಿನ ಒಳಮೈ ಬೇರೆ ಬಟ್ಟೆಯಿಂದ. ಹಳೆಯ ಫಿಲ್ಟರಿನ ಸೀಲ್ ನೋಡಲು ಮರೆಯಬೇಡಿ: ಅದರ ಅಡ್ಡಕ್ಕೆ ಧೂಳಿನ ಗೆರೆಯೊಂದು ದಾಟಿ ಹೋಗಿದ್ದರೆ ಧೂಳು ಅಲ್ಲಿಂದಲೇ ನುಸುಳಿದೆ. ಹೊಸದನ್ನು ಕೂರಿಸುವಾಗ ನಡುವೆ ಒತ್ತದೆ ಅಂಚಿಗೆ ಒತ್ತಿ. ಡಬ್ಬಿಯ ಮುಚ್ಚಳ ಹಾಕಿಕೊಳ್ಳದಿದ್ದರೆ ಕ್ಲಿಪ್ ಬಲದಿಂದ ಎಳೆದು ಮುಚ್ಚಬೇಡಿ, ಫಿಲ್ಟರ್ ಸರಿಯಾಗಿ ಕೂತಿಲ್ಲ.

ಒಳಗೆ ಇನ್ನೊಂದು ಚಿಕ್ಕ ಫಿಲ್ಟರ್ ಇದ್ದರೆ ಅದು ಸೇಫ್ಟಿ ಎಲಿಮೆಂಟ್. ಅದನ್ನು ತೊಳೆಯುವುದೂ ಇಲ್ಲ, ಊದುವುದೂ ಇಲ್ಲ. ಹೊರಗಿನದನ್ನು ಮೂರು ಸಲ ಬದಲಿಸಿದಾಗ ಇದನ್ನು ಒಮ್ಮೆ ಬದಲಿಸುವುದು ರೂಢಿ. ಡಬ್ಬಿಯ ತಳದಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ಬಾಯಿ ಇದ್ದರೆ ಅದು ಧೂಳು ಉಗುಳುವ ವಾಲ್ವ್. ಆಗಾಗ ಹಿಂಡಿ, ದಪ್ಪ ಧೂಳೆಲ್ಲ ಉದುರುತ್ತದೆ. ಅದು ಹರಿದಿದ್ದರೆ ಫಿಲ್ಟರ್ ಬೇಗ ತುಂಬುತ್ತದೆ. ಹಿಂಡುವ ಈ ಕೆಲಸಕ್ಕೆ ಡಬ್ಬಿ ತೆರೆಯಬೇಕಿಲ್ಲ, ಹಾಗಾಗಿ ನನಗೆ ಇಷ್ಟ.

ಹಳೆಯ ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳದ್ದು ಆಯಿಲ್ ಬಾತ್ ಏರ್ ಕ್ಲೀನರ್. ತಳದ ಬಟ್ಟಲಿನಲ್ಲಿ ಆಯಿಲ್, ಗಾಳಿ ಅದರ ಮೇಲೆ ಅಪ್ಪಳಿಸಿ ತಿರುಗುವಾಗ ಧೂಳು ಆಯಿಲ್‌ಗೆ ಅಂಟುತ್ತದೆ, ಉಳಿದದ್ದು ಮೇಲಿನ ತಂತಿ ಬಲೆಯಲ್ಲಿ. ಇಲ್ಲಿ ಕಾಗದ ಬದಲಿಸುವ ಖರ್ಚಿಲ್ಲ. ಬಟ್ಟಲು ಬಿಚ್ಚಿ, ತಳದ ಕೆಸರು ತೆಗೆದು, ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಗೆರೆಯ ತನಕ ಹೊಸ ಆಯಿಲ್ ಹಾಕಿದರೆ ಮುಗಿಯಿತು. ಗೆರೆಯ ತನಕ ಎಂದೆ. ಇನ್ನೊಂದು ಚೂರು ಇರಲಿ ಎಂದು ಹೆಚ್ಚು ಹಾಕಿದರೆ ಇಂಜಿನ್ ಆ ಆಯಿಲನ್ನು ಹೀರಿ ಉರಿಸಲು ಶುರುಮಾಡುತ್ತದೆ.

ಗಾಳಿ ಅಳೆಯುವ ಸೆನ್ಸರ್‌ನ ಒಳಗಿನ ತಂತಿ ಅಥವಾ ಪೊರೆಯನ್ನು ಮುಟ್ಟಬೇಡಿ, ಅದಕ್ಕೆಂದೇ ಇರುವ ಸ್ಪ್ರೇ ಬಿಟ್ಟು ಬೇರೆ ಹೊಡೆಯಬೇಡಿ. ಮ್ಯಾನಿಫೋಲ್ಡ್‌ನ ಮಸಿ ತೆಗೆಯುವುದು ಬಿಚ್ಚಿ ಮಾಡುವ ಕೆಲಸ. ಓಡುತ್ತಿರುವ ಡೀಸೆಲ್‌ನ ಇಂಟೇಕ್‌ಗೆ ಸಿಕ್ಕ ಸಿಕ್ಕ ಕ್ಲೀನರ್ ಹೊಡೆದರೆ ಅದು ಡೀಸೆಲ್ ಜೊತೆಗೆ ಇನ್ನೊಂದು ಇಂಧನವಾಗಿ ಉರಿಯುತ್ತದೆ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಕಾಯುವ ಕಡ್ಡಿ) ಅಥವಾ ಗಾಳಿ ಕಾಯಿಸುವ ಹೀಟರ್ ಇರುವ ಇಂಜಿನ್‌ಗೆ ಬೇಗ ಸ್ಟಾರ್ಟ್ ಆಗಲೆಂದು ಇಂಟೇಕ್‌ಗೆ ಹೊಡೆಯುವ ಸ್ಟಾರ್ಟಿಂಗ್ ಸ್ಪ್ರೇಯಂತೂ ಬೇಡವೇ ಬೇಡ, ಮ್ಯಾನಿಫೋಲ್ಡ್‌ನಲ್ಲೇ ಸ್ಫೋಟಿಸಬಹುದು.

ನೀರಿನ ಕಥೆ ಬೇರೆ. 500 ಸಿಸಿಯ ಒಂದು ಸಿಲಿಂಡರ್, ಕಂಪ್ರೆಶನ್ (ಗಾಳಿಯನ್ನು ಒತ್ತಿ ಕುಗ್ಗಿಸುವ ಪ್ರಮಾಣ) 17ಕ್ಕೆ 1 ಎಂದುಕೊಳ್ಳಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 31 ಮಿಲಿಲೀಟರ್, ಕೆಮ್ಮಿನ ಔಷಧಿಯ ಮೂರು ಮುಚ್ಚಳದಷ್ಟು. ಅದಕ್ಕಿಂತ ಹೆಚ್ಚು ನೀರು ಇಂಟೇಕ್ ಬಾಯಿಂದ ಒಳಗೆ ಹೋದರೆ, ನೀರು ಕುಗ್ಗುವುದಿಲ್ಲವಾದ್ದರಿಂದ, ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಿಂತ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಮೊದಲು ಏರ್ ಕ್ಲೀನರ್ ಡಬ್ಬಿ ತೆರೆದು ಫಿಲ್ಟರ್ ಒದ್ದೆಯಾಗಿದೆಯೇ ನೋಡಿ.

ನಿಮ್ಮ ಗಾಡಿಯ ಇಂಟೇಕ್ ಬಾಯಿ ಎಲ್ಲಿದೆ ಎಂದು ತಿಳಿದಿರಲು ಇನ್ನೊಂದು ಕಾರಣವಿದೆ. ಟರ್ಬೊ ಸೀಲ್ ಹೋಗಿಯೋ, ಆಯಿಲ್ ಬಾತ್ ಹೆಚ್ಚಾಗಿಯೋ ಇಂಜಿನ್ ತನ್ನದೇ ಆಯಿಲ್ ಕುಡಿದು ಓಡತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಆಗ ನಿಲ್ಲಿಸುವ ದಾರಿ ಗಾಳಿ ಮುಚ್ಚುವುದು: ಬಾಯಿಗೆ ಗಟ್ಟಿಯಾದ ಚಪ್ಪಟೆ ಹಲಗೆ ಒತ್ತಿ. ಅಂಗೈ ಇಡಬೇಡಿ, ಬಟ್ಟೆ ತುರುಕಬೇಡಿ, ಅದು ಟರ್ಬೊ ಒಳಗೆ ಹೋಗುತ್ತದೆ. ವೇಗ ಆಗಲೇ ಕೈಮೀರಿದ್ದರೆ ಹಲಗೆಯನ್ನೂ ಬಿಟ್ಟು ದೂರ ಸರಿಯಿರಿ.