ಅವರೂ ಕ್ರೈಸ್ತರೇ, ನಾವೂ ಕ್ರೈಸ್ತರೇ... ಮತ್ತೇನು ತಯಾರಿ?

ಪ್ರಶ್ನೆ: ನಾವು ಎಂಟು ಜನ ಸಹಪಾಠಿಗಳು ಕ್ರೈಸ್ತ ವಿದ್ಯಾರ್ಥಿ ವಿನಿಮಯದಲ್ಲಿ ಆರು ತಿಂಗಳು ಹೊರದೇಶಕ್ಕೆ ಹೋಗುತ್ತಿದ್ದೇವೆ. ಹೊರಡುವ ಮುಂಚೆ ಮೂರು ತಿಂಗಳು ಪ್ರತಿ ವಾರ ಸೇರಿ ತಯಾರಿ ಮಾಡಬೇಕಂತೆ. ವೀಸಾ, ಇನ್ಶೂರೆನ್ಸ್ ಅಂದ್ರೆ ಸರಿ. ಉಳಿದದ್ದಕ್ಕೆ ಯಾಕೆ ಇಷ್ಟು ಸಮಯ? ಇರುವುದು ಕ್ರೈಸ್ತರ ಮನೆಯಲ್ಲಿ, ಹೋಗುವುದು ಚರ್ಚಿಗೆ. ಅವರೂ ಕ್ರೈಸ್ತರೇ, ನಾವೂ ಕ್ರೈಸ್ತರೇ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ, ಮೀಟಿಂಗಿನಲ್ಲಿ, ಒಮ್ಮೆ ಏರ್‌ಪೋರ್ಟಿನ ಸಾಲಿನಲ್ಲಿ ನಿಂತುಕೊಂಡೂ ಹೇಳಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಯುರೋಪಿನ ಷೆಂಗೆನ್ ದೇಶಗಳಿಗಾದರೆ ಶಾರ್ಟ್ ಸ್ಟೇ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆರು ತಿಂಗಳಿಗೆ ಅದು ಸಾಲದು, ಆ ದೇಶದ್ದೇ ಲಾಂಗ್ ಸ್ಟೇ ವೀಸಾ ಬೇಕು. ಅಮೆರಿಕಕ್ಕಾದರೆ ವಿನಿಮಯದವರಿಗೆ ಸಾಮಾನ್ಯವಾಗಿ ಜೆ-1 ವೀಸಾ. ಅದಕ್ಕೆ ಸ್ಪಾನ್ಸರ್ ಸಂಸ್ಥೆ ಡಿಎಸ್-2019 ಅನ್ನುವ ಫಾರ್ಮ್ ಕೊಡಬೇಕು, ಅದಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ಯಾವ ಊರಿಗೆ, ಯಾರ ಮನೆಗೆ, ಖರ್ಚು ಯಾರದು ಅನ್ನುವುದೆಲ್ಲ ಆಮಂತ್ರಣ ಪತ್ರದಲ್ಲಿ ಬರವಣಿಗೆಯಲ್ಲೇ ಇರಲಿ. ಎಂಟು ಜನರ ಪಾಸ್‌ಪೋರ್ಟ್ ಅವಧಿ ಒಬ್ಬರೇ ಕೂತು ನೋಡಲಿ. ಇಷ್ಟು ಸಾಕು. ಈ ಕೆಲಸದಲ್ಲಿ ತಪ್ಪಾದರೆ ಆಫೀಸಿನವರು ಹೇಳುತ್ತಾರೆ, ತಿದ್ದಿಕೊಳ್ಳಬಹುದು. ಹೇಳುವವರೇ ಇಲ್ಲದ ತಪ್ಪುಗಳು ಬೇರೆ ಇವೆ.

ಈಗ ನಿಮ್ಮ ಆ ಕೊನೆಯ ಸಾಲಿಗೆ ಬರುತ್ತೇನೆ. ಅವರೂ ಕ್ರೈಸ್ತರೇ, ನಾವೂ ಕ್ರೈಸ್ತರೇ. ನಂಬಿಕೆಯ ಮಟ್ಟಿಗೆ ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ತಯಾರಿ ಕಮ್ಮಿ ಸಾಕು ಅಂತ ಲೆಕ್ಕ ಹಾಕುತ್ತೀರಲ್ಲ, ಅದು ಪೂರ್ತಿ ತಪ್ಪು. ನಿಜ ಹೇಳಬೇಕೆಂದರೆ ತಯಾರಿ ಜಾಸ್ತಿ ಬೇಕು. ಯಾಕೆ ಗೊತ್ತಾ? ಗುರುತಿಲ್ಲದವರ ಮನೆಗೆ ಹೋದರೆ ಕಾಲು ಎಲ್ಲಿಡಬೇಕು, ಎಲ್ಲಿ ಕೂರಬೇಕು ಅಂತ ನೋಡಿಕೊಂಡು ಹೋಗುತ್ತೇವೆ. ನಮ್ಮದೇ ಮನೆ ಅಂದುಕೊಂಡರೆ ನೋಡುವುದಿಲ್ಲ, ಸೀದಾ ಒಳಗೆ ನುಗ್ಗುತ್ತೇವೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಗುಂಪಿನ ಹುಡುಗಿಯೊಬ್ಬಳು ಆರ್ಥೊಡಾಕ್ಸ್, ಅಂದರೆ ಪೂರ್ವದ ಹಳೆಯ ಕ್ರೈಸ್ತ ಸಭೆಗೆ ಸೇರಿದ, ಕುಟುಂಬವೊಂದರಲ್ಲಿ ಉಳಿದುಕೊಂಡಿದ್ದಳು. ಆ ಮನೆಯ ಮಗುವಿನ ಹುಟ್ಟುಹಬ್ಬದ ದಿನ ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ, ಇಪ್ಪತ್ತೆರಡನೇ ಕೀರ್ತನೆಯನ್ನು ನಿನ್ನ ಭಾಷೆಯಲ್ಲಿ ಓದು ಮಗಳೇ ಅಂದರು. ಇವಳು ತನ್ನ ಸತ್ಯವೇದ ತೆರೆದಳು. ಅದರಲ್ಲಿ ಇಪ್ಪತ್ತೆರಡನೆಯದು ದೇವರೇ ಯಾಕೆ ನನ್ನನ್ನು ಕೈಬಿಟ್ಟೆ ಅಂತ ಕೂಗುವವನ ಕೀರ್ತನೆ. ಗಂಟಲು ಒಣಗಿತು, ಆದರೂ ಓದಿದಳು. ಅರ್ಥವಾಗದ ಅವರೆಲ್ಲ ಖುಷಿಯಿಂದ ತಲೆಯಾಡಿಸುತ್ತಾ ಕೇಳಿದರು. ಆ ರಾತ್ರಿ ನನಗೆ ಫೋನ್ ಮಾಡಿ, "ಅಕ್ಕಾ, ಇವರು ಹುಟ್ಟುಹಬ್ಬಕ್ಕೆ ಇಂಥದ್ದು ಯಾಕೆ ಓದಿಸುತ್ತಾರೆ? ಈ ಮನೆಯಲ್ಲಿ ಏನೋ ಸರಿ ಇಲ್ಲ ಅನಿಸುತ್ತೆ" ಅಂದಳು. ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಅವರು ಬಳಸುವುದು ಹಳೆಯ ಗ್ರೀಕ್ ಅನುವಾದದ ಸಂಖ್ಯೆ. ಅದರಲ್ಲಿ ಒಂಬತ್ತು ಮತ್ತು ಹತ್ತನೇ ಕೀರ್ತನೆಗಳು ಸೇರಿ ಒಂದೇ ಆಗಿವೆ, ಹಾಗಾಗಿ ಅಲ್ಲಿಂದ ಮುಂದೆ ಬಹುಪಾಲು ಕೀರ್ತನೆಗಳಿಗೆ ಒಂದು ಸಂಖ್ಯೆ ಕಮ್ಮಿ. ಅವರು ಕೇಳಿದ್ದು ನಾವು ಇಪ್ಪತ್ಮೂರು ಅನ್ನುವ, ದೇವರೇ ನನ್ನ ಕುರುಬ ಅಂತ ನೆಮ್ಮದಿಯಿಂದ ಹಾಡುವ ಕೀರ್ತನೆಯನ್ನು. ಆ ಹುಡುಗಿಗೆ ಸತ್ಯವೇದ ಚೆನ್ನಾಗಿ ಗೊತ್ತಿತ್ತು. ಎಲ್ಲರ ಕೈಯಲ್ಲಿರುವುದೂ ತನ್ನ ಕೈಯಲ್ಲಿರುವಂಥದ್ದೇ ಅಂದುಕೊಂಡಿದ್ದಳು, ಅಷ್ಟೇ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73. ಇದನ್ನು ಮೊದಲ ವಾರವೇ ಹೇಳುತ್ತೇನೆ. ಪ್ರತಿ ಸಲ ಅರ್ಧ ಜನ ಬೆರಗಾಗಿ ನೋಡುತ್ತಾರೆ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಾದರೂ ಒಂದೇ ಅಲ್ವಾ ಅನ್ನುತ್ತೀರಿ. ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವರು ಕ್ಯಾಥೊಲಿಕ್ ಬಲಿಪೂಜೆಗೆ ಹೋದಾಗ ಏನಾಗುತ್ತದೆ ನೋಡಿ. ಕೇಡಿನಿಂದ ನಮ್ಮನ್ನು ತಪ್ಪಿಸು ಅನ್ನುವಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ನೀವು ರೂಢಿಯಂತೆ ಅದರ ಬೆನ್ನಿಗೇ ಹೇಳುವ ರಾಜ್ಯವೂ ಬಲವೂ ಮಹಿಮೆಯೂ ಅನ್ನುವ ಮಾತು ಅಲ್ಲಿ ಬರುವುದು ಗುರುಗಳು ಇನ್ನೊಂದು ಪ್ರಾರ್ಥನೆ ಹೇಳಿದ ಮೇಲೆ. ಇಡೀ ಚರ್ಚು ಸುಮ್ಮನಿರುವಾಗ ನಿಮ್ಮ ಒಬ್ಬರ ದನಿ ಮಾತ್ರ ಕೇಳುತ್ತದೆ. ಸಣ್ಣ ವಿಷಯವೇ. ಆದರೆ ಇಂಥ ಹತ್ತು ಸಣ್ಣ ವಿಷಯ ಒಂದೇ ವಾರದಲ್ಲಿ ಆದರೆ ಹುಡುಗರು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ನಾನು ಕಂಡಿದ್ದೇನೆ.

ಹಬ್ಬಗಳೂ ಅಷ್ಟೇ. 2024ರಲ್ಲಿ ಪಶ್ಚಿಮದ ಸಭೆಗಳಿಗೆ ಈಸ್ಟರ್ ಮಾರ್ಚ್ 31ಕ್ಕೆ ಬಂದರೆ ಆರ್ಥೊಡಾಕ್ಸ್ ಸಭೆಗಳಿಗೆ ಮೇ 5ಕ್ಕೆ ಬಂತು. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಂದವು. ಅರ್ಮೇನಿಯದ ಅಪೊಸ್ತಲಿಕ ಸಭೆ ಕ್ರಿಸ್ತನ ಜನನವನ್ನು ಆಚರಿಸುವುದು ಜನವರಿ 6ಕ್ಕೆ. ನೀವು ಹಬ್ಬ ಮುಗಿಸಿ ಕೂತಿರುವಾಗ ಅವರು ಉಪವಾಸದಲ್ಲಿರಬಹುದು. ಅವರ ಮುಂದೆ ನೀವು ತಿನ್ನುತ್ತಾ ಕೂರುತ್ತೀರಾ?

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಅವಸರದ ತೀರ್ಪು. ಜರ್ಮನಿಗೆ ಹೋದ ಹುಡುಗನೊಬ್ಬ ಮೊದಲ ಭಾನುವಾರವೇ ಬರೆದ: ಇವರ ಭಕ್ತಿ ತಣ್ಣಗಾಗಿದೆ, ಕಾಣಿಕೆ ಚೀಲಕ್ಕೆ ಬರೀ ಚಿಲ್ಲರೆ ಹಾಕುತ್ತಾರೆ. ಅಲ್ಲಿ ದೊಡ್ಡ ಸಭೆಗಳ ಸದಸ್ಯರು ತೆರಿಗೆಯ ಜೊತೆಗೇ ಸಭೆಗೆ ಹಣ ಕಟ್ಟುತ್ತಾರೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ರಾಜ್ಯ ನೋಡಿಕೊಂಡು ಆದಾಯ ತೆರಿಗೆಯ ಶೇಕಡಾ 8 ಅಥವಾ 9ರಷ್ಟು. ಚೀಲಕ್ಕೆ ಬೀಳುವುದು ಅದರ ಮೇಲಿನದ್ದು. ಅದೇ ರೀತಿ ಹೆಂಗಸು ಪಾಸ್ಟರ್ ಆಗಿರುವುದನ್ನು ಮೊದಲ ಸಲ ಕಂಡು ಮುಖ ಗಂಟು ಹಾಕಿಕೊಂಡವರಿದ್ದಾರೆ. ಸ್ವೀಡನ್ನಿನ ಲುಥೆರನ್ ಸಭೆ 1960ರಿಂದಲೇ ಹೆಂಗಸರಿಗೆ ದೀಕ್ಷೆ ಕೊಡುತ್ತಿದೆ. ಒಪ್ಪುವುದು ಬಿಡುವುದು ನಿಮ್ಮ ಮನಸ್ಸು, ಆದರೆ ಆ ಸಭೆಯ ಅತಿಥಿ ನೀವು. ಇನ್ನು ಪ್ರಭು ಭೋಜನ, ಅಂದರೆ ಆರಾಧನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವುದು. ಕೆಲವು ಸಭೆಗಳಲ್ಲಿ ಎಲ್ಲರನ್ನೂ ಕರೆಯುತ್ತಾರೆ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ತಮ್ಮವರಿಗೆ ಮಾತ್ರ ಕೊಡುತ್ತಾರೆ. ಸಾಲಿನಲ್ಲಿ ನಿಂತ ಮೇಲೆ ಯೋಚಿಸುವ ವಿಷಯವಲ್ಲ ಇದು. ಹಿಂದಿನ ದಿನವೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಎಂಟು ಜನ ಸೇರಿ ಮಾಡುವುದೇನು? ನಾನು ಮೊದಲ ವಾರ ಎಲ್ಲರ ಕೈಗೂ ಒಂದೊಂದು ಹಾಳೆ ಕೊಡುತ್ತೇನೆ. ಚರ್ಚಿನ ಬಾಗಿಲು ದಾಟಿದಾಗಿನಿಂದ ಹೊರಗೆ ಬರುವ ತನಕ ನಿಮ್ಮ ಸಭೆಯಲ್ಲಿ ಏನೇನಾಗುತ್ತದೆ, ಬರೆಯಿರಿ. ಯಾವಾಗ ನಿಲ್ಲುತ್ತೀರಿ, ಯಾವಾಗ ಮೊಣಕಾಲೂರುತ್ತೀರಿ, ಗಟ್ಟಿಯಾಗಿ ಪ್ರಾರ್ಥಿಸುವವರು ಯಾರು, ರೊಟ್ಟಿ ಕೈಗೆ ಕೊಡುತ್ತಾರಾ ಬಾಯಿಗಾ, ದ್ರಾಕ್ಷಾರಸ ಒಂದೇ ಪಾತ್ರೆಯಲ್ಲಾ ಚಿಕ್ಕ ಚಿಕ್ಕ ಲೋಟಗಳಲ್ಲಾ. ಬರೆದದ್ದನ್ನು ನೆಲದ ಮೇಲೆ ಸಾಲಾಗಿ ಇಟ್ಟು ನೋಡುತ್ತೇವೆ. ಒಂದೇ ಬೆಂಚಿನಲ್ಲಿ ಕೂತು ಓದಿದವರದ್ದೇ ಎಂಟು ಹಾಳೆ ಎಂಟು ಥರ ಇರುತ್ತವೆ! ಆ ಹೊತ್ತಿಗೆ ನಿಮ್ಮ ಪ್ರಶ್ನೆ ಕೋಣೆಯಲ್ಲಿ ಉಳಿದಿರುವುದಿಲ್ಲ. ಆಮೇಲೆ ನಾಲ್ಕು ಭಾನುವಾರ, ನಿಮ್ಮದಲ್ಲದ ನಾಲ್ಕು ಸಭೆಗೆ ಇಬ್ಬಿಬ್ಬರಾಗಿ ಹೋಗಿ. ಹಿಂದಿನ ಸಾಲಿನಲ್ಲಿ ಕೂತು ಸುಮ್ನೆ ನೋಡಿ. ವಾರದ ಮೀಟಿಂಗಿನಲ್ಲಿ ಕಂಡದ್ದನ್ನು ಹೇಳಿ. ಒಂದೇ ಷರತ್ತು ಅಂದರೆ "ಅವರದ್ದು ತಪ್ಪು" ಅನ್ನುವ ಮಾತು ಬರಬಾರದು, "ಹೀಗೆ ಯಾಕೆ ಮಾಡುತ್ತಾರೆ" ಅಂತ ಕೇಳಬೇಕು. ಇದನ್ನು ಮಾಡಿದ ಗುಂಪು ಯಾವುದು, ಮಾಡದ ಗುಂಪು ಯಾವುದು ಅಂತ ಅವರು ಅಲ್ಲಿಂದ ಬರೆಯುವ ಮೊದಲ ಪತ್ರದಲ್ಲೇ ನನಗೆ ತಿಳಿಯುತ್ತದೆ.

ಜಗಳಗಳನ್ನೂ ಇಲ್ಲೇ ಆಡಿ ಮುಗಿಸಿ. ದುಡ್ಡಿನ ಲೆಕ್ಕ ಯಾರದ್ದು, ಒಬ್ಬರಿಗೆ ಹುಷಾರಿಲ್ಲದಿದ್ದರೆ ಯಾರು ನೋಡಿಕೊಳ್ಳುವುದು, ಎಂಟೂ ಜನ ಯಾವಾಗಲೂ ಗುಂಪಾಗಿ ತಮ್ಮ ಭಾಷೆಯಲ್ಲೇ ಮಾತಾಡುತ್ತಾ ಕೂತರೆ ಹೋಸ್ಟ್ ಕುಟುಂಬದವರಿಗೆ ಹೇಗನಿಸುತ್ತದೆ, ಎಲ್ಲವನ್ನೂ.

ಸುವಾರ್ತೆ ಸಾರುವುದಕ್ಕೆ ಅಲ್ವಾ ಹೋಗುವುದು ಅಂತಲೂ ಕೆಲವರು ಕೇಳುತ್ತಾರೆ. ವಿನಿಮಯ ಶುರುವಾದದ್ದೇ ಬೇರೆ ಕಾರಣಕ್ಕೆ. 1949ರಲ್ಲಿ, ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷಕ್ಕೆ, ಜರ್ಮನಿಯ ಹದಿಹರೆಯದವರನ್ನು ಅಮೆರಿಕದ ಕುಟುಂಬಗಳಲ್ಲಿ ಇರಿಸಿದರು. ಮೊನ್ನೆ ಮೊನ್ನೆ ತನಕ ಶತ್ರುಗಳಾಗಿದ್ದ ದೇಶದ ಮಕ್ಕಳು! ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಯೂತ್ ಎಕ್ಸ್‌ಚೇಂಜ್ ಹುಟ್ಟಿದ್ದು ಹಾಗೆ. ಅಲ್ಲಿ ಯಾರೂ ಯಾರಿಗೂ ಕಲಿಸಲು ಹೋಗಿರಲಿಲ್ಲ. ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದೇ ದೊಡ್ಡ ಕೆಲಸವಾಗಿತ್ತು.

ಮೇಜು ಅಂದಾಗ ನೆನಪಾಯಿತು. ಯಾರೂ ನನ್ನನ್ನು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಊಟಕ್ಕೆ ಮುಂಚೆ "ಇವತ್ತು ನೀನು ಪ್ರಾರ್ಥನೆ ಮಾಡು" ಅಂದರೆ ಯಾವ ಭಾಷೆಯಲ್ಲಿ ಮಾಡುತ್ತೀರಿ? ಬಹಳ ಜನ ಅವರ ಭಾಷೆಯಲ್ಲಿ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ತಪ್ಪಲ್ಲ. ಆದರೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವಾಗ ಮನಸ್ಸೆಲ್ಲ ಉಚ್ಚಾರಣೆಯ ಮೇಲೇ ಇರುತ್ತದೆ, ದೇವರ ಕಡೆ ಇರುವುದಿಲ್ಲ. ನನ್ನ ಮಾತು ಕೇಳಿ, ತಾಯ್ನುಡಿಯಲ್ಲೇ ಮಾಡಿ. ಬೇರೆ ಬೇರೆ ಸಭೆಗಳ ಸನ್ಯಾಸಿಗಳು ಒಟ್ಟಿಗೆ ಬಾಳುವ ಫ್ರಾನ್ಸಿನ ತೇಜೆ ಸಮುದಾಯದಲ್ಲಿ ಒಂದೇ ಪ್ರಾರ್ಥನೆಯೊಳಗೆ ಹಲವು ಭಾಷೆಯ ಪುಟ್ಟ ಹಾಡುಗಳು ಬರುತ್ತವೆ. ಅರ್ಥ ಪೂರ್ತಿ ಗೊತ್ತಿಲ್ಲದವರೂ ಎರಡು ಸುತ್ತಿನಲ್ಲಿ ದನಿಗೂಡಿಸುತ್ತಾರೆ. ಭಾಷೆ ತಿಳಿಯದಿದ್ದರೆ ಪ್ರಾರ್ಥನೆ ತಲುಪುವುದಿಲ್ಲ ಅಂದುಕೊಳ್ಳಬೇಡಿ.

ಆ ಕೀರ್ತನೆ ಓದಿದ ಹುಡುಗಿ ಕೆಲವು ವಾರಗಳ ಮೇಲೆ ಅದೇ ಮನೆಯಲ್ಲಿ ತನ್ನ ಭಾಷೆಯಲ್ಲಿ ಪ್ರಾರ್ಥನೆ ಮಾಡಿದಳು. ಮುಗಿದ ಮೇಲೆ ಮನೆಯ ಅಜ್ಜಿ ಅವಳ ಕೈ ಹಿಡಿದು, "ನನ್ನ ಹೆಸರು ಕೇಳಿಸಿತು, ದೇವರಿಗೆ ನನ್ನ ಬಗ್ಗೆ ಏನು ಹೇಳಿದೆ?" ಅಂತ ಕೇಳಿದರಂತೆ. ಇವಳು ಅಜ್ಜಿಯ ಮೊಣಕಾಲು ಮುಟ್ಟಿ ತೋರಿಸಿದಳು. ಮೆಟ್ಟಿಲು ಹತ್ತುವಾಗ ಅಜ್ಜಿ ಪ್ರತಿ ಮೆಟ್ಟಿಲಿಗೂ ನಿಲ್ಲುವುದನ್ನು ಬಂದ ದಿನದಿಂದ ನೋಡಿದ್ದಳು. ಹಾಗಾಗಿ ಹೋಸ್ಟ್ ಕುಟುಂಬದ ಪಟ್ಟಿ ಕೈಗೆ ಬಂದ ದಿನವೇ ಆ ಮನೆಯ ಎಲ್ಲರ ಹೆಸರು ಕಲಿಯಿರಿ, ಮಕ್ಕಳಿಂದ ಅಜ್ಜ ಅಜ್ಜಿಯ ತನಕ. ಅವರು ಹೇಳುವ ಹಾಗೇ ಹೇಳಲು ಬರಬೇಕು, ಮೀಟಿಂಗಿನಲ್ಲಿ ಒಬ್ಬರಿಗೊಬ್ಬರು ಒಪ್ಪಿಸಿ.