ಒಂದು ಶೀಟು, ಮೂವತ್ತಾರು ಮಕ್ಕಳು, ಎರಡು ಹೆಸರಿನ ಕೆರೆ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 36 ಮಕ್ಕಳು. ಕಂಪ್ಯೂಟರ್ ಕೋಣೆಯಲ್ಲಿ ಸರಿಯಾಗಿ ಓಡುವ ಕಂಪ್ಯೂಟರ್ 7. ಇಂಟರ್ನೆಟ್ ಇದ್ದ ದಿನ ಇರುತ್ತದೆ, ಇಲ್ಲದ ದಿನ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕುತ್ತೇನೆ. ಆನ್‌ಲೈನ್ ಸಾಧನಗಳಿಂದ ಮಕ್ಕಳಿಗೆ ಗುಂಪು ಕೆಲಸ ಮಾಡಿಸುವ ಬಗ್ಗೆ ನಾನು ಇಲ್ಲಿ ಬರೆಯುವುದೆಲ್ಲ ಇಷ್ಟರೊಳಗೆ ಮಾಡಿ ನೋಡಿದ್ದು.

ಮೊದಲ ಸಲ ಗುಂಪು ಕೆಲಸಕ್ಕೆ, ಹಲವರು ಒಟ್ಟಿಗೇ ಬರೆಯಬಹುದಾದ ಗೂಗಲ್ ಡಾಕ್ಸ್ ಬಳಸಿದ ದಿನ ಚೆನ್ನಾಗಿ ನೆನಪಿದೆ. 'ನಮ್ಮ ಊರಿನ ನೀರು' ಎಂಬ ತಲೆಬರಹ ಕೊಟ್ಟು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಡಾಕ್ಯುಮೆಂಟ್ ತೆರೆದೆ. ಒಂದೊಂದರ ಮುಂದೆ ಐದಾರು ಮಕ್ಕಳು ಕೂತರು. ಟೈಪಿಂಗ್ ಬರುವವರು ಕೀಬೋರ್ಡ್ ಹಿಡಿದರು. ಉಳಿದವರು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಕಿಟಕಿ ಕಡೆ ತಿರುಗಿದರು. ಮಧ್ಯೆ ಯಾರೋ ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಳಿಸಿಬಿಟ್ಟರು. ಏಳೂ ಪರದೆ ಒಟ್ಟಿಗೇ ಬೆಳ್ಳಗಾಯಿತು. ಅದೇನೂ ದೊಡ್ಡ ತೊಂದರೆಯಲ್ಲ. ಹಿಂದಿನ ಬರಹಗಳೆಲ್ಲ ಉಳಿದಿರುವ ವರ್ಷನ್ ಹಿಸ್ಟರಿಗೆ ಹೋಗಿ ಎರಡು ನಿಮಿಷದಲ್ಲಿ ಹಳೆಯದನ್ನು ವಾಪಸ್ ತಂದೆ. ನನ್ನನ್ನು ಕಾಡಿದ್ದು ಬೇರೆ. ಐದು ಜನ ಒಟ್ಟಿಗೆ ಕೂತಿದ್ದರು, ಕೆಲಸ ಮಾಡಿದ್ದು ಒಬ್ಬರೇ. ಕಾಗದದ ಚಾರ್ಟ್ ಮಾಡಿಸಿದಾಗಲೂ ಹೀಗೇ ಆಗುತ್ತಿತ್ತು.

'ಯಾವ ಆ್ಯಪ್ ಒಳ್ಳೆಯದು ಮೇಡಂ?' ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಾರೆ. 'ಮಕ್ಕಳಿಗೆ ಯಾವ ಕೆಲಸ ಕೊಡ್ತೀರಿ?' ಎಂದು ನಾನು ಕೇಳುತ್ತೇನೆ. ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸ ಕೊಟ್ಟರೆ ಯಾವ ಆ್ಯಪ್ ಬಳಸಿದರೂ ಅದನ್ನು ಒಬ್ಬರೇ ಮುಗಿಸುತ್ತಾರೆ. ಪಕ್ಕದವರನ್ನು ಕೇಳದೆ ಮುಂದೆ ಹೋಗಲು ಆಗಬಾರದು. ಕೆಲಸವನ್ನು ಹಾಗೆ ಕಟ್ಟಬೇಕು.

ಇದನ್ನು ನನಗಿಂತ ಬಹಳ ಮೊದಲೇ ಒಬ್ಬರು ಕಂಡುಕೊಂಡಿದ್ದರು. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಯಲ್ಲಿ ಕೂರಲು ಶುರುವಾಗಿತ್ತು. ಜಗಳ, ಹೆದರಿಕೆ ಜಾಸ್ತಿಯಿತ್ತು. ಎಲಿಯಟ್ ಆರನ್ಸನ್ ಎಂಬ ಮನಃಶಾಸ್ತ್ರಜ್ಞರು ಒಂದು ಪಾಠವನ್ನು ಐದಾರು ತುಂಡು ಮಾಡಿ, ಗುಂಪಿನ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ತಿಳಿಯಬೇಕಾದರೆ ಪ್ರತಿಯೊಬ್ಬರ ಮಾತನ್ನೂ ಕೇಳಲೇಬೇಕು. ಇದಕ್ಕೆ 'ಜಿಗ್ಸಾ' ಎಂದು ಹೆಸರಾಯಿತು. ಆಗ ಇಂಟರ್ನೆಟ್ಟಿನ ಮಾತೇ ಇರಲಿಲ್ಲ, ಕಾಗದದ ತುಂಡೇ ಸಾಕಾಗಿತ್ತು.

ನನ್ನ ತರಗತಿಗೆ ಈ ತುಂಡುಗಳು ಎಲ್ಲಿಂದ ಬರಬೇಕು? ಹಾಜರಿ ಪುಸ್ತಕ ನೋಡುವಾಗ ಹೊಳೆಯಿತು. ನಮ್ಮ ಮಕ್ಕಳು 11 ಹಳ್ಳಿಗಳಿಂದ ಬರುತ್ತಾರೆ. ಪ್ರತಿ ಹಳ್ಳಿಗೂ ಒಂದು ಕೆರೆ ಇದೆ, ಕೆಲವಕ್ಕೆ ಎರಡು. ಆ ಕೆರೆಯ ಬಗ್ಗೆ ಆ ಊರಿನ ಮಗುವಿಗೆ ಗೊತ್ತಿರುವುದು ಪಠ್ಯಪುಸ್ತಕದಲ್ಲಿಲ್ಲ, ಗೂಗಲ್‌ನಲ್ಲೂ ಸಿಗುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಅಡ್ಡ ಸಾಲು ಕೆರೆಗೆ, ಉದ್ದ ಸಾಲು ವಿಷಯಕ್ಕೆ. ವಿಷಯ ಆರು: ಏರಿ (ಕೆರೆಯ ಕಟ್ಟೆ) ಮತ್ತು ತೂಬು (ನೀರು ಬಿಡುವ ಬಾಗಿಲು), ಕೋಡಿ ನೀರು (ಕೆರೆ ತುಂಬಿ ಹೊರಬರುವ ನೀರು) ಹರಿದು ಹೋಗುವ ದಾರಿ, ಅಚ್ಚುಕಟ್ಟು (ಕೆರೆ ನೀರು ಹೋಗುವ ಜಮೀನು) ಮತ್ತು ಬೆಳೆ, ನೀರುಗಂಟಿ (ಹೊಲಗಳಿಗೆ ನೀರು ಬಿಡುವವರು), ಹೆಸರು ಮತ್ತು ಕಥೆ, ಈಗಿನ ಸ್ಥಿತಿ. ಆರು ಮಕ್ಕಳ ಒಂದೊಂದು ಗುಂಪಿಗೆ ಒಂದೊಂದು ವಿಷಯ ಬಂತು. ಆ ಗುಂಪು ತನ್ನ ವಿಷಯದ ಪ್ರಶ್ನೆಗಳನ್ನು ತಯಾರು ಮಾಡುತ್ತದೆ. ಉತ್ತರ ತರುವುದು ಮಾತ್ರ ಆಯಾ ಊರಿನ ಮಕ್ಕಳು. ಹಾಗಾಗಿ ಒಂದು ಕೆರೆಯ ಸಾಲು ತುಂಬಬೇಕಾದರೆ ಆರು ಗುಂಪೂ ಕೈ ಹಾಕಬೇಕು. ಒಂದು ಗುಂಪಿನ ಕೆಲಸ ಮುಗಿಯಬೇಕಾದರೆ 11 ಊರಿನ ಮಕ್ಕಳನ್ನೂ ಮಾತಾಡಿಸಬೇಕು. ಎಷ್ಟೇ ಜಾಣ ಮಗುವಾದರೂ ಇದನ್ನು ಒಂಟಿಯಾಗಿ ಮುಗಿಸಲು ಆಗುವುದಿಲ್ಲ.

ಡಾಕ್ಸ್ ಬಿಟ್ಟು ಶೀಟ್ಸ್ ಹಿಡಿದಿದ್ದಕ್ಕೂ ಕಾರಣವಿದೆ. ಡಾಕ್ಯುಮೆಂಟಿನಲ್ಲಿ ಒಬ್ಬರ ಸಾಲಿನ ಮೇಲೆ ಇನ್ನೊಬ್ಬರು ಬರೆದುಬಿಡುತ್ತಾರೆ. ಶೀಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಚೌಕದ ಮನೆ ಇರುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಆ ಮನೆಯ ಗೆರೆಯಿಂದ ಧೈರ್ಯ ಬರುತ್ತದೆ. ತಲೆಬರಹದ ಸಾಲನ್ನು ಮುಟ್ಟಿದರೆ ಎಚ್ಚರಿಕೆ ಬರುವ ಹಾಗೆ ಇಟ್ಟಿದ್ದೇನೆ. ಅಷ್ಟು ಮಾಡಿದ್ದಕ್ಕೇ ಅರ್ಧ ಗಲಾಟೆ ಕಡಿಮೆಯಾಯಿತು.

ಸುಮ್ನೆ ಬರೆದು ಮುಗಿಸಬೇಕಾದ ದಿನ, ಅಂದರೆ ಒಂದೇ ಪೀರಿಯಡ್‌ನ ಕೆಲಸಕ್ಕೆ, ಒಟ್ಟಿಗೆ ಬರೆಯುವ ಈಥರ್‌ಪ್ಯಾಡ್ ಎಂಬ ಸಾಧನ ನನಗೆ ಇಷ್ಟ. ಅದು 2008ರಿಂದ ಇದೆ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅಕೌಂಟ್ ಬೇಡ, ಲಿಂಕ್ ತೆರೆದರೆ ಬರೆಯಬಹುದು. ಒಬ್ಬೊಬ್ಬರ ಬರಹದ ಹಿಂದೆ ಒಂದೊಂದು ಬಣ್ಣ ಕಾಣುತ್ತದೆ. ಬರೆದದ್ದನ್ನೆಲ್ಲ ಮೊದಲಿನಿಂದ ಓಡಿಸಿ ನೋಡುವ ಸೌಲಭ್ಯವೂ ಇದೆ. ಖಾಲಿ ಪುಟ ತುಂಬುತ್ತಾ ಬರುವುದು, ಒಂದು ಸಾಲು ಬಂದು ಮತ್ತೆ ಹೋಗುವುದು, ಹೊಡೆದು ಹಾಕಿದ ಪದ ಇನ್ನೊಂದು ರೂಪದಲ್ಲಿ ವಾಪಸ್ ಬರುವುದು, ಇದನ್ನೆಲ್ಲ ಮಕ್ಕಳು ಬಾಯಿ ಬಿಟ್ಟು ನೋಡಿದರು. ತಿದ್ದುವುದೂ ಬರೆಯುವುದರ ಭಾಗ ಎಂದು ನಾನು ಎಷ್ಟೋ ವರ್ಷ ಬಾಯಲ್ಲಿ ಹೇಳಿದ್ದೆ. ಅವತ್ತು ಅವರು ಅದನ್ನು ಕಣ್ಣಾರೆ ಕಂಡರು. ಗೋಡೆಗೆ ಚೀಟಿ ಅಂಟಿಸಿದ ಹಾಗೆ ಬರೆಯುವ ಪ್ಯಾಡ್ಲೆಟ್ ಕೂಡ ಚೆಂದ, ಆದರೆ ಉಚಿತವಾಗಿ ಕೆಲವೇ ಬೋರ್ಡ್ ಮಾಡಬಹುದು. ಗಣಿತ ಮೇಡಂ ಜಿಯೋಜಿಬ್ರಾ ಎಂಬ ಗಣಿತದ ಆ್ಯಪ್ ಬಳಸುತ್ತಾರೆ. ಅದರ ಬಗ್ಗೆ ಅವರೇ ಬರೆದರೆ ಚೆನ್ನ.

ಪೀರಿಯಡ್ ಶುರುವಾದ ಕೂಡಲೇ ನಾನು ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಮೊದಲು ನೋಟ್ ಪುಸ್ತಕ. ಊರಿನಿಂದ ತಂದ ಉತ್ತರವನ್ನು ಗುಂಪಿನಲ್ಲಿ ಓದಬೇಕು, ಪ್ರಶ್ನೆ ಕೇಳಬೇಕು, ಒಂದು ವಾಕ್ಯಕ್ಕೆ ಒಪ್ಪಬೇಕು. ಆಮೇಲೆ ಟೈಪಿಂಗ್. ಹತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗುತ್ತದೆ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಿಧಾನವಾಗಿ ಟೈಪ್ ಮಾಡುವ ಮಗು ಕೂತಾಗ ಪಕ್ಕದವರು 'ಕೊಡು ಇಲ್ಲಿ' ಎಂದು ಕೈ ಚಾಚುತ್ತಾರೆ. ಆ ಕೈ ತಡೆಯುವುದೇ ನನಗೆ ಅವತ್ತಿನ ದೊಡ್ಡ ಕೆಲಸ.

ಕನ್ನಡ ಟೈಪಿಂಗ್ ಬಗ್ಗೆ ಒಂದು ಮಾತು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಶೀಟಿಗೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ಕಚೇರಿ ಕೆಲಸಕ್ಕೆ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ರೂಢಿಯಿರುವ ಶಿಕ್ಷಕರು ಇಲ್ಲೇ ಎಡವುತ್ತಾರೆ. ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ಥರ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯೂನಿಕೋಡ್‌ಗೂ ಸಿಗುತ್ತದೆ, ಬೆರಳಿನ ರೂಢಿ ಬದಲಿಸಬೇಕಿಲ್ಲ. ಮೊಬೈಲಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೂ ಸಾಕು, ಅಕ್ಷರ ಮೂಡುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಎಲ್ಲ ಸಲವೂ ಅರ್ಥವಾಗುವುದಿಲ್ಲ. ಅದು ತಪ್ಪಾಗಿ ಬರೆದದ್ದನ್ನು ಮಕ್ಕಳು ಕೂತು ತಿದ್ದುತ್ತಾರೆ, ಒತ್ತಕ್ಷರ, ದೀರ್ಘ ಎಲ್ಲದರ ಬಗ್ಗೆ ವಾದ ಮಾಡುತ್ತಾರೆ. ಕನ್ನಡ ಮೇಷ್ಟ್ರಿಗೆ ಇದು ಬಹಳ ಹಿಡಿಸಿತು.

ಈಗ ಆ ಎರಡು ಹೆಸರಿನ ಕೆರೆಯ ವಿಷಯಕ್ಕೆ ಬರುತ್ತೇನೆ.

ಶೀಟಿನಲ್ಲಿ ಕಾಮೆಂಟ್ ಹಾಕಲು ಒಂದು ನಿಯಮ ಇಟ್ಟಿದ್ದೆ. ಕಾಮೆಂಟ್ ಪ್ರಶ್ನೆಯಾಗಿಯೇ ಇರಬೇಕು. 'ಸೂಪರ್', 'ತಪ್ಪು' ಎಂದು ಬರೆಯುವಂತಿಲ್ಲ. 'ಇದನ್ನು ಯಾರು ಹೇಳಿದರು?', 'ಯಾವ ವರ್ಷ ಕೋಡಿ ಬಿತ್ತು?' ಎಂದು ಕೇಳಬಹುದು. ಎರಡನೇ ವಾರ ಒಂದು ಹುಡುಗಿ ಸಾಲು 4 ಮತ್ತು ಸಾಲು 9 ಎರಡಕ್ಕೂ ಒಂದೇ ಕಾಮೆಂಟ್ ಹಾಕಿದ್ದಳು: 'ಇವೆರಡರ ಕೋಡಿ ನೀರೂ ಒಂದೇ ಹಳ್ಳಕ್ಕೆ ಯಾಕೆ ಹೋಗುತ್ತದೆ?' ಒಂದು ಸಾಲಿನಲ್ಲಿ ದೊಡ್ಡಕೆರೆ, ಇನ್ನೊಂದರಲ್ಲಿ ಹಿರೇಕೆರೆ. ಬೇರೆ ಬೇರೆ ಊರಿನ ಮಕ್ಕಳು ಬರೆದಿದ್ದರು. ತರಗತಿಯಲ್ಲಿ ಆಕೆ ಬಾಯಿ ಬಿಟ್ಟಿದ್ದು ಅಪರೂಪ.

ಅಲ್ಲಿಂದ ವಾದ ಶುರುವಾಯಿತು. 'ನಮ್ಮ ಕೆರೆ ಬೇರೆ, ಅವರದು ಬೇರೆ' ಎಂದು ಎರಡೂ ಊರಿನವರು ಪಟ್ಟು ಹಿಡಿದರು. ಒಂದು ಕಡೆ ಅಚ್ಚುಕಟ್ಟಿನಲ್ಲಿ ಭತ್ತ ಎಂದಿತ್ತು, ಇನ್ನೊಂದು ಕಡೆ ರಾಗಿ. ಒಂದು ಕಡೆ ತೂಬು ಒಂದು, ಇನ್ನೊಂದು ಕಡೆ ಎರಡು. ನಾನು ತೀರ್ಪು ಕೊಡಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿಸಿ ಎರಡೂ ಊರಿನ ಮಕ್ಕಳ ಜೊತೆ ಏರಿ ಮೇಲೆ ನಡೆದೆ. ಏರಿ ಒಂದೇ. ಕೆರೆ ಒಂದೇ. ಈ ತುದಿಯಲ್ಲೊಂದು ಊರು, ಆ ತುದಿಯಲ್ಲೊಂದು. ಎರಡನೇ ತೂಬು ಹೂಳು ತುಂಬಿ, ಜಾಲಿ ಬೆಳೆದು ಕಾಣದಂತಾಗಿತ್ತು. ಹಿಂದೆ ನೀರುಗಂಟಿಯಾಗಿದ್ದ ತಾತ ಒಬ್ಬರು ಬಂದು ಅದರ ಜಾಗ ತೋರಿಸಿದರು. 'ಈ ತೂಬು ಎತ್ತಿದ್ರೆ ಆ ಊರಿಗೆ, ಆ ತೂಬು ಎತ್ತಿದ್ರೆ ಈ ಊರಿಗೆ ಕಣ್ರಪ್ಪ ನೀರು' ಎಂದರು. ಭತ್ತ ಆಗಿನ ಕಾಲದ್ದು, ರಾಗಿ ಈಗಿನದು ಎಂಬುದೂ ಅವರಿಂದಲೇ ತಿಳಿಯಿತು.

ಸೋಮವಾರ ಮಕ್ಕಳೇ ಎರಡು ಸಾಲು ಸೇರಿಸಿ ಒಂದು ಮಾಡಿದರು. 'ಆಗ', 'ಈಗ' ಎಂದು ಎರಡು ಹೊಸ ಉದ್ದ ಸಾಲು ಬೇಕೆಂದು ಕೇಳಿದರು. ನಾನು ಮಾಡಿದ್ದ ಪಟ್ಟಿಗಿಂತ ಅವರದೇ ಚೆನ್ನಾಗಿತ್ತು.

ಇದನ್ನು ಎಲ್ಲರಿಗೂ ಕಾಣುವ ಕಡೆ ಹಾಕೋಣ ಎಂದರು. ಮೊದಲು ಕನ್ನಡ ವಿಕಿಪೀಡಿಯದ ಮಾತು ಬಂತು. ಅದು 2003ರಿಂದ ಇದೆ, ಯಾರು ಬೇಕಾದರೂ ತಿದ್ದಬಹುದು. ಆದರೆ ಅಲ್ಲಿ ಬರೆದದ್ದಕ್ಕೆ ಪ್ರಕಟವಾದ, ನಂಬಬಹುದಾದ ಆಧಾರ ಬೇಕು. ತಾತ ಹೇಳಿದ್ದನ್ನು ನೇರವಾಗಿ ಹಾಕಲು ಬರುವುದಿಲ್ಲ. ಮಕ್ಕಳಿಗೆ ಬೇಜಾರಾಯಿತು. ಯಾಕೆ ಈ ನಿಯಮ, ಇದರಿಂದ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂದು ಒಂದು ಇಡೀ ಪೀರಿಯಡ್ ಮಾತಾಡಿದೆವು. ಇತಿಹಾಸದ ಆಧಾರಗಳ ಪಾಠವನ್ನು ಅಷ್ಟು ಚೆನ್ನಾಗಿ ನಾನು ಹಿಂದೆ ಮಾಡಿರಲಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ ಥರ. 2004ರಲ್ಲಿ ಶುರುವಾದ, ಜನರೇ ಸೇರಿ ಮಾಡುವ ಈ ಆನ್‌ಲೈನ್ ನಕ್ಷೆಯಲ್ಲಿ ಸ್ಥಳೀಯರು ಹೋಗಿ ನೋಡಿದ್ದಕ್ಕೆ ಬೆಲೆಯಿದೆ. ಒಂದು ಜಾಗಕ್ಕೆ ಕನ್ನಡದ ಹೆಸರನ್ನೇ ಬೇರೆಯಾಗಿ ಬರೆಯಲು ಸ್ಥಳವಿದೆ, ಇನ್ನೊಂದು ಹೆಸರಿದ್ದರೆ ಅದಕ್ಕೂ ಇದೆ. ಗೂಗಲ್ ಮ್ಯಾಪ್ಸ್ ನೋಡಿಕೊಂಡು ಇಲ್ಲಿ ನಕಲು ಮಾಡುವಂತಿಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ನಕ್ಷೆ ಇಳಿಸಿಕೊಂಡರೆ ನೆಟ್ ಇಲ್ಲದ ಏರಿಯ ಮೇಲೂ ನಿಂತ ಜಾಗದ ಅಕ್ಷಾಂಶ, ರೇಖಾಂಶ ಸಿಗುತ್ತದೆ. ಮಕ್ಕಳು ಅದನ್ನು ಶೀಟಿಗೆ ಸೇರಿಸಿದರು. ಶೀಟನ್ನು ಸಿಎಸ್‌ವಿ ಎಂಬ ಸರಳ ಪಟ್ಟಿಯ ಫೈಲ್ ಮಾಡಿ, ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಮ್ಮದೇ ನಕ್ಷೆ ಮಾಡಿಕೊಡುವ ಯುಮ್ಯಾಪ್‌ಗೆ ಹಾಕಿದಾಗ 11 ಊರಿನ ಕೆರೆಗಳೂ ಒಂದೇ ನಕ್ಷೆಯ ಮೇಲೆ ಚುಕ್ಕಿಗಳಾಗಿ ನಿಂತವು. ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ ಇಳಿಯುವ ಸರಪಣಿ ಆಗ ಮೊದಲ ಸಲ ಅವರ ಕಣ್ಣಿಗೆ ಕಂಡಿತು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೆಸರು ಸೇರಿಸಿದ್ದು ನನ್ನ ಅಕೌಂಟಿನಿಂದ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಅಕೌಂಟ್ ವಿಷಯದಲ್ಲಿ ನಾನು ಬಿಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಅದಕ್ಕೇ ಮಕ್ಕಳಿಗೆ ಅಕೌಂಟ್ ಮಾಡಿಸುವುದಿಲ್ಲ. ತರಗತಿ ಕೆಲಸಕ್ಕೆಂದು ನನ್ನದೇ ಬೇರೆ ಅಕೌಂಟ್ ಇಟ್ಟಿದ್ದೇನೆ. ಶೀಟಿನಲ್ಲಿ ಮಕ್ಕಳ ಹೆಸರಿಲ್ಲ, ಕ್ರಮಸಂಖ್ಯೆ ಮಾತ್ರ. ಕೊಳವೆಬಾವಿ ಯಾರ ಜಮೀನಿನದು ಎಂಬುದನ್ನೂ ಬರೆಸುವುದಿಲ್ಲ. ಫೋಟೋದಲ್ಲಿ ಮುಖ ಬೇಡ.

ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಅಕೌಂಟ್ ಇರುವುದರಿಂದ ವರ್ಷನ್ ಹಿಸ್ಟರಿಯಲ್ಲಿ ಒಂದೇ ಹೆಸರು ಕಾಣುತ್ತದೆ. ಯಾರು ಬರೆದರು ಎಂಬುದು ಮಕ್ಕಳು ಪಕ್ಕದಲ್ಲಿ ಹಾಕುವ ಕ್ರಮಸಂಖ್ಯೆಯಿಂದ ಗೊತ್ತಾಗಬೇಕು. ಇನ್ನು, ಎಷ್ಟು ಟೈಪ್ ಮಾಡಿದರು ಎಂದು ನೋಡಿ ನಾನು ಅಂಕ ಕೊಡುವುದಿಲ್ಲ. ಕೋಡಿ ನೀರಿನ ಪ್ರಶ್ನೆ ಕೇಳಿದ ಹುಡುಗಿ ಟೈಪ್ ಮಾಡಿದ್ದು ಕೆಲವೇ ಸಾಲು.

ಮನೆಗೆ ಮೊಬೈಲ್ ಕೆಲಸ ಕೊಡುವುದಿಲ್ಲ. ನಮ್ಮ ಮಕ್ಕಳ ಮನೆಯಲ್ಲಿ ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಹೊಲದಲ್ಲಿರುತ್ತಾರೆ. ಸಂಜೆ ಸಿಕ್ಕಿದರೂ ಮೊದಲು ಅಣ್ಣನ ಕೈಗೆ ಹೋಗುತ್ತದೆ. ಹೆಣ್ಣುಮಕ್ಕಳ ಕೈಗೆ ಬರುವ ಹೊತ್ತಿಗೆ ಅಡುಗೆಮನೆ ಕೆಲಸ ಕರೆಯುತ್ತದೆ. ಶಾಲೆಯ 40 ನಿಮಿಷದಲ್ಲಿ ಮಾತ್ರ ಎಲ್ಲರಿಗೂ ಒಂದೇ ಪಾಲು ಸಿಗುತ್ತದೆ.

ಉಚಿತ ಅಂದಮಾತ್ರಕ್ಕೆ ಶಾಶ್ವತವಲ್ಲ. ಶಿಕ್ಷಕರು ಬಹಳ ನೆಚ್ಚಿಕೊಂಡಿದ್ದ, ಒಟ್ಟಿಗೆ ಪುಟ ಬರೆಯುವ ವಿಕಿಸ್ಪೇಸಸ್ ತಾಣ 2018ರಲ್ಲಿ ಮುಚ್ಚಿತು. ಗೂಗಲ್‌ನ ಆನ್‌ಲೈನ್ ಬರೆಯುವ ಹಲಗೆ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತಿತು. ಮಕ್ಕಳ ಕೆಲಸ ಅದರ ಜೊತೆ ಹೋಗಬಾರದು, ಅಲ್ವಾ? ಹೊಸ ಸಾಧನ ಸಿಕ್ಕಿದಾಗ ನಾನು ಮೊದಲು ಹುಡುಕುವುದು ಡೌನ್‌ಲೋಡ್ ಬಟನ್. ತಿಂಗಳ ಕೊನೆಯ ಶನಿವಾರ ಇಬ್ಬರು ಮಕ್ಕಳು ಶೀಟನ್ನು ಪೆನ್‌ಡ್ರೈವ್‌ಗೆ ಇಳಿಸುತ್ತಾರೆ. ವರ್ಷಕ್ಕೊಮ್ಮೆ ಪ್ರಿಂಟ್ ತೆಗೆದು ಗ್ರಂಥಾಲಯದ ಕಪಾಟಿನಲ್ಲಿ ಇಡುತ್ತೇವೆ.

ಜೂನ್‌ನಲ್ಲಿ ಹೊಸ ಒಂಬತ್ತನೇ ತರಗತಿಗೆ ಹಳೆಯ ಶೀಟನ್ನೇ ತೆರೆದು ಕೊಟ್ಟೆ. ಸಾಲು 4ರಲ್ಲಿ ಈಗ ಎರಡು ಹೆಸರೂ ಇವೆ: ದೊಡ್ಡಕೆರೆ, ಹಿರೇಕೆರೆ. ಮಳೆಗೆ ಮುಂಚೆ ಕೆರೆಯ ಹೂಳು ತೆಗೆದಿದ್ದರು. ಆ ಸಾಲಿನ ಪಕ್ಕ ಒಬ್ಬ ಹುಡುಗ ಕಾಮೆಂಟ್ ಹಾಕಿದ್ದಾನೆ: 'ಎರಡನೇ ತೂಬು ಈಗ ಕಾಣುತ್ತದೆ, ಇಲ್ಲಿ ತಿದ್ದಬಹುದಾ?'